ಅಕಾರಾ ಹೊಡೆಯಿತು ಸರಿ, ಕೋರಿ ಸತ್ತಿದ್ದು ಯಾಕೆ? ಶಿರಸಿಯ ನಾಲ್ಕಡಿ ಟ್ಯಾಂಕಿನ ಪ್ರಕರಣ

ಶಿರಸಿ ಪೇಟೆಯಿಂದ ಸ್ವಲ್ಪ ಹೊರಗಿನ ಒಂದು ತೋಟದ ಮನೆ. ಜುಲೈ ನಡುವಿನ ಒಂದೇ ರಾತ್ರಿಯಲ್ಲಿ ಗಾಜಿನ ಟ್ಯಾಂಕಿನಲ್ಲಿ ಸಾಕಿದ್ದ ಮೂರು ಕೋರಿ (ತಳದಲ್ಲಿ ಓಡಾಡುವ ಮೀಸೆಯ ಮೀನು) ಸತ್ತವು. ಬೆಳಗಾಗುವಷ್ಟರಲ್ಲಿ ಮನೆಯವರ ತೀರ್ಪೂ ಆಗಿಹೋಗಿತ್ತು: "ಆ ನೀಲಿ ಮೀನೇ ಹೊಡದು ಹಾಕಿದ್ದು ಮಾರಾಯ. ಶಾಂತ ಜಾತಿ ಹೇಳಿ ಕೊಟ್ಟಿದ್ದ." ಸಾಕ್ಷಿಯೂ ಇತ್ತು. ಸತ್ತವುಗಳಲ್ಲಿ ಎರಡರ ಬೆನ್ನುರೆಕ್ಕೆ ಹರಿದಿತ್ತು, ಆ ಎರಡರಲ್ಲೇ ಒಂದರ ಬಾಲದ ಅಂಚು ಚೂರುಚೂರಾಗಿತ್ತು. ಹಿಂದಿನ ಮೂರು ವಾರದಿಂದ ಅದೇ ಟ್ಯಾಂಕಿನ ನೀಲಿ ಅಕಾರಾ ಮೀನುಗಳು ಕೋರಿಗಳನ್ನು ಅಟ್ಟಾಡಿಸುವುದನ್ನು ಎಲ್ಲರೂ ಕಂಡಿದ್ದರು.

ಹೊಡೆದಿದ್ದು ನಿಜ. ಕೊಂದಿದ್ದು ಬೇರೆ. ಆ ಬೇರೆಯದರ ಬೇರು ಏಪ್ರಿಲ್‌ನಲ್ಲಿ ಮಾಡಿದ ಒಂದು ಒಳ್ಳೆಯ ಕೆಲಸದಲ್ಲಿತ್ತು.

ಟ್ಯಾಂಕಿನ ಅಳತೆ 4 × 1.5 × 1.5 ಅಡಿ. ಲೆಕ್ಕಕ್ಕೆ 255 ಲೀಟರ್. ತಳದ ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನಿಜವಾದ ನೀರು 200 ಲೀಟರ್ ಆಸುಪಾಸು. ಒಂದು ಟಾಪ್ ಫಿಲ್ಟರ್, ಪ್ಲಾಸ್ಟಿಕ್ ಗಿಡ, ಒಂದು ಮರದ ಕೊರಡು, ಹಳೇ ಹೆಂಚಿನ ಎರಡು ತುಂಡು. ಮೀನು: ನಾಲ್ಕು ಎಲೆಕ್ಟ್ರಿಕ್ ಬ್ಲೂ ಅಕಾರಾ, ಆರು ಆಲ್ಬಿನೊ ಕೋರಿ, ಒಂದು ಸಕ್ಕರ್. ಹಿಂದಿನ ನವೆಂಬರ್‌ನಲ್ಲಿ ಇಟ್ಟಾಗ ಅಕಾರಾಗಳು ಬೆರಳುದ್ದ. ಜುಲೈ ಹೊತ್ತಿಗೆ ದೊಡ್ಡದು 12 ಸೆಂ.ಮೀ. ದಾಟಿತ್ತು.

ಆಯ್ಕೆಯಲ್ಲಿ ತಪ್ಪು ಹುಡುಕುವಂತಿಲ್ಲ. ಎಲೆಕ್ಟ್ರಿಕ್ ಬ್ಲೂ ಎನ್ನುವುದು ಸಾಕಣೆಯಲ್ಲಿ ಬಂದ ಬಣ್ಣದ ತಳಿ. ಕಾಡಿನ ನೀಲಿ ಅಕಾರಾಕ್ಕಿಂತ ಸಾಧು ಸ್ವಭಾವದ್ದು. ಆಲ್ಬಿನೊ ಕೋರಿ ಎಂದರೆ ಬ್ರಾಂಜ್ ಕೋರಿಯ ಬಿಳಿ ರೂಪ. ಕಾಡಿನ ನೀಲಿ ಅಕಾರಾ ಮತ್ತು ಬ್ರಾಂಜ್ ಕೋರಿ ಎರಡನ್ನೂ ಥಿಯೊಡೋರ್ ಗಿಲ್ 1858ರಲ್ಲಿ ಟ್ರಿನಿಡಾಡ್ ದ್ವೀಪದ ಸಿಹಿನೀರಿನಿಂದ ವರ್ಣಿಸಿದ. ಅಂದರೆ ಇವು ಮೂಲದಲ್ಲೇ ಅಕ್ಕಪಕ್ಕದವು. 24ರಿಂದ 27 ಡಿಗ್ರಿ ಉಷ್ಣತೆ, 6.5ರಿಂದ 7.5ರವರೆಗಿನ ಪಿಎಚ್ (ನೀರಿನ ಹುಳಿ–ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಹುಳಿ) ಎರಡಕ್ಕೂ ಒಗ್ಗುತ್ತದೆ. ಒಂದು ಹುಷಾರು ಮಾತ್ರ ಬೇಕು: ಕೋರಿಯ ಎದೆರೆಕ್ಕೆಯಲ್ಲಿ ಬಿಗಿದು ನಿಲ್ಲುವ ಮುಳ್ಳಿದೆ. ದೊಡ್ಡ ಸಿಕ್ಲಿಡ್, ಅಂದರೆ ಅಕಾರಾದ ಕುಟುಂಬದ ಮೀನು, ಸಣ್ಣ ಕೋರಿಯನ್ನು ನುಂಗಹೋದರೆ ಮುಳ್ಳು ಗಂಟಲಲ್ಲಿ ಸಿಕ್ಕಿಕೊಂಡು ಎರಡೂ ಸಾಯಬಹುದು. ಅದಕ್ಕೆ ಪಿಗ್ಮಿ ಕೋರಿಯಂಥ ಕಿರುಜಾತಿ ಅಕಾರಾ ಜೊತೆ ಬೇಡ, 4 ಸೆಂ.ಮೀ. ದಾಟಿದ ಬ್ರಾಂಜ್ ಆಗಬಹುದು.

ಇನ್ನು ಗಾಯಗಳ ಮಾತು. ಸಿಕ್ಲಿಡ್ ಕಚ್ಚಿದ ಗಾಯ ಅಂಚಿನಲ್ಲಿರುತ್ತದೆ: ಬಾಲದ ತುದಿ, ಬೆನ್ನುರೆಕ್ಕೆ, ಕೆಲವೊಮ್ಮೆ ಕಣ್ಣು. ಎಡಬಲ ಒಂದೇ ಸಮ ಇರುವುದಿಲ್ಲ. ಕೋರಿಯ ಮೈಗೆ ಎಲುಬಿನ ಫಲಕಗಳ ಕವಚ ಇರುವುದರಿಂದ ರೆಕ್ಕೆ ಹರಿದರೂ ಮೀನು ಸಾಮಾನ್ಯವಾಗಿ ಉಳಿಯುತ್ತದೆ. ಇಲ್ಲಿ ಸತ್ತ ಮೂರರ ಹೊಟ್ಟೆಯಡಿ ಕೆಂಪಗಾಗಿತ್ತು, ಕಿವಿರು ಕಂದಿತ್ತು, ಮೀಸೆ ಎರಡೂ ಕಡೆ ಸಮನಾಗಿ ಸವೆದಿತ್ತು. ಯಾವ ಅಕಾರಾವೂ ಅಷ್ಟು ಅಳತೆಯಿಟ್ಟು ಮೀಸೆ ಕತ್ತರಿಸುವುದಿಲ್ಲ. ಮೂರನೆಯ ಮೀನಿಗಂತೂ ಕಚ್ಚಿದ ಗುರುತೇ ಇರಲಿಲ್ಲ. ಹೊಡೆದವು ಎನ್ನಲಾದ ಅಕಾರಾಗಳೂ ಆ ಬೆಳಗ್ಗೆ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಕೋರಿ ಆಗೀಗ ಸರ್ರನೆ ಮೇಲೆ ಬಂದು ಗಾಳಿ ನುಂಗಿ ಹೋಗುವುದು ಸಹಜ, ಅದು ಕರುಳಿನಲ್ಲೂ ಉಸಿರಾಡುತ್ತದೆ. ಅಕಾರಾ ಮೇಲೆ ನಿಂತು ಏದುಸಿರು ಬಿಟ್ಟರೆ ಸಹಜವಲ್ಲ.

ಎರಡನೇ ಅನುಮಾನ ಮೈಲುತುತ್ತದ (ತಾಮ್ರದ ಸಲ್ಫೇಟ್) ಮೇಲೆ ಹೋಯಿತು. ಆಷಾಢದಲ್ಲಿ ಶಿರಸಿ ಸೀಮೆಯ ಅಡಿಕೆ ತೋಟದಲ್ಲೆಲ್ಲ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲ: 100 ಲೀಟರ್ ನೀರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ. ತಾಮ್ರ ಮೀನಿಗೆ ವಿಷ, ಮೆದು ನೀರಿನಲ್ಲಿ ಇನ್ನೂ ಹೆಚ್ಚು ವಿಷ. ದ್ರಾವಣ ಕಲಸಿದ ಡ್ರಮ್ಮು, ಬಕೆಟು, ಪೈಪು ಎಷ್ಟು ತೊಳೆದರೂ ಟ್ಯಾಂಕಿನ ಹತ್ತಿರ ತರಬಾರದು. ಈ ಊರಲ್ಲಿ ಮೀನು ಸಾಕುವವರಿಗೆ ಇದು ಮೊದಲ ನಿಯಮ. ಆದರೆ ತಾಮ್ರ ಬಂದಿದ್ದರೆ ಎಲ್ಲಕ್ಕಿಂತ ಮೊದಲು ಬಸವನಹುಳು ಸಾಯಬೇಕಿತ್ತು. ಈ ಟ್ಯಾಂಕಿನ ಗಾಜಿನ ಮೇಲೆ ಹತ್ತಾರು ಬಸವನಹುಳು ಆರಾಮಾಗಿ ಓಡಾಡುತ್ತಿದ್ದವು. ಆದರೆ ಅವುಗಳ ಚಿಪ್ಪಿನ ನೆತ್ತಿ ಬೆಳ್ಳಗಾಗಿ ಕೊರೆದುಹೋಗಿತ್ತು. ಉತ್ತರ ಇದ್ದಿದ್ದೇ ಅಲ್ಲಿ: ನೀರು ಹುಳಿಯಾಗಿ ಚಿಪ್ಪಿನ ಸುಣ್ಣವನ್ನು ತಿನ್ನುತ್ತಿತ್ತು.

ಅದೃಷ್ಟಕ್ಕೆ ಅಂಗಡಿಗೆ ತೋರಿಸಲೆಂದು ಹಿಂದಿನ ಸಂಜೆ ಒಂದು ಬಾಟಲಿ ನೀರು ತುಂಬಿಟ್ಟಿದ್ದರು. ಅದರ ಹನಿ ಪರೀಕ್ಷೆ ಹೀಗೆ ಬಂತು: ಪಿಎಚ್ ಕಿಟ್ಟಿನ ಕೊನೆಯ ಬಣ್ಣ, ಅಂದರೆ 6 ಅಥವಾ ಅದಕ್ಕೂ ಕೆಳಗೆ. ಕೆಎಚ್ (ಹುಳಿಯನ್ನು ತಡೆದುಕೊಳ್ಳುವ ನೀರಿನ ಕ್ಷಾರತೆಯ ಅಳತೆ) ಮೊದಲ ಹನಿಗೇ ಬಣ್ಣ ತಿರುಗಿತು, ಅಂದರೆ ಒಂದು ಡಿಗ್ರಿಯೂ ಇಲ್ಲ. ಮೀನಿನ ಹೊಲಸಿನಿಂದ ಬರುವ ಅಮೋನಿಯಾ 4 ಪಿಪಿಎಂ, ಅಂದರೆ ಲೀಟರಿಗೆ 4 ಮಿಲಿಗ್ರಾಂ. ನೈಟ್ರೈಟ್ ಸೊನ್ನೆ. ಈ ಕೊನೆಯ ಸೊನ್ನೆ ನೋಡಿ ಸಮಾಧಾನಪಡುವವರೇ ಹೆಚ್ಚು. ಅಮೋನಿಯಾ 4 ಇದ್ದು ನೈಟ್ರೈಟ್ ಸೊನ್ನೆ ಎಂದರೆ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಫಿಲ್ಟರಿನ ಬ್ಯಾಕ್ಟೀರಿಯಾ ಮೊದಲ ಮೆಟ್ಟಿಲಲ್ಲೇ ಕೆಲಸ ನಿಲ್ಲಿಸಿದೆ ಎಂದರ್ಥ. ಮೀನು ಸತ್ತ ಬೆಳಗಿನ ಟ್ಯಾಂಕಿನ ನೀರು: ಪಿಎಚ್ 7.8, ಕೆಎಚ್ 5, ಅಮೋನಿಯಾ ಅದೇ 4. ಸಂಜೆಯಿಂದ ಬೆಳಗಿನೊಳಗೆ ಪಿಎಚ್ ಸುಮಾರು ಎರಡು ಅಂಕ ಏರಿತ್ತು. ಹೇಗೆ ಎಂದು ಕೇಳಿದಾಗ ಅಡುಗೆ ಸೋಡಾದ ಡಬ್ಬಿ ಹೊರಬಂತು.

ಏಪ್ರಿಲ್‌ಗೆ ಹಿಂದೆ ಹೋಗೋಣ. ಅಲ್ಲಿವರೆಗೆ ಟ್ಯಾಂಕಿನ ತಳದಲ್ಲಿ ಇದ್ದಿದ್ದು ಮೊಸಾಯಿಕ್ ನೆಲಕ್ಕೆ ಹಾಕುವ ಬಿಳಿ ಮಾರ್ಬಲ್ ಚಿಪ್ಸ್, 10–12 ಮಿ.ಮೀ. ಗಾತ್ರದ್ದು. ಮಾರ್ಚ್‌ನಲ್ಲಿ ಎರಡು ಕೋರಿಯ ಮೀಸೆ ಗಿಡ್ಡವಾಗಿದ್ದು ಕಣ್ಣಿಗೆ ಬಿತ್ತು. ಚೂಪು ಕಲ್ಲು ಮೀಸೆ ಕೊಯ್ಯುತ್ತದೆ, ಮರಳು ಹಾಕಿ ಎಂದು ತಿಳಿದವರು ಹೇಳಿದರು. ಸಲಹೆ ಸರಿಯಾದದ್ದೇ, ಕಾರಣ ಮಾತ್ರ ಅರ್ಧ. ಕೋರಿಯ ಮೀಸೆ ಸವೆಯುವುದಕ್ಕೆ ಅಂಚಿಗಿಂತ ಕೊಳೆಯ ಪಾಲು ದೊಡ್ಡದು. ದೊಡ್ಡ ಚಿಪ್ಸಿನ ಸಂದಿಗೆ ಉದುರಿದ ಕಾಳು ಕೋರಿಗೆ ಎಟುಕುವುದಿಲ್ಲ, ಅಲ್ಲೇ ಕೊಳೆಯುತ್ತದೆ. ದಿನವಿಡೀ ಅದರಲ್ಲೇ ಮೂತಿ ತೂರಿಸುವ ಮೀನಿನ ಮೀಸೆಗೆ ಬ್ಯಾಕ್ಟೀರಿಯಾ ಹತ್ತುತ್ತದೆ. ಮರಳಿನಲ್ಲಿ ಕಾಳು ಮೇಲೇ ಉಳಿಯುವುದರಿಂದ ಎರಡೂ ತೊಂದರೆ ತಪ್ಪುತ್ತವೆ.

ಹಾಗಾಗಿ ಚಿಪ್ಸ್ ಎಲ್ಲ ಒಂದೇ ದಿನ ಹೊರಗೆ, 25 ಕಿಲೋ ಹೊಳೆ ಮರಳು ಒಳಗೆ. ಹೊರಗೆ ಹೋಗಿದ್ದು ಬರೀ ಕಲ್ಲಲ್ಲ. ಮಾರ್ಬಲ್ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ನೀರು ಹುಳಿಯಾದಂತೆಲ್ಲ ಅದು ಕರಗಿ ಹುಳಿಯನ್ನು ತಟಸ್ಥ ಮಾಡುತ್ತಿತ್ತು. ಆವರೆಗೆ ಪರೀಕ್ಷೆಯ ಕಾಗದದ ಪಟ್ಟಿಯಲ್ಲಿ ನೋಡಿದಾಗಲೆಲ್ಲ ಪಿಎಚ್ 7.6 ಬಂದಿದ್ದು ಬಾವಿಯ ಗುಣದಿಂದಲ್ಲ, ಆ ಕಲ್ಲಿನಿಂದ. ಹೊಳೆ ಮರಳು ಬಹುಪಾಲು ಬೆಣಚು, ನೀರಿಗೆ ಏನನ್ನೂ ಕೊಡುವುದಿಲ್ಲ. ಕಲ್ಲಿಗೆ ಅಂಟಿದ್ದ ಬ್ಯಾಕ್ಟೀರಿಯಾದ ಒಂದು ಪಾಲೂ ಜೊತೆಗೇ ಹೋಯಿತು.

ಘಟ್ಟದ ಮೇಲಿನ ಬಾವಿ ನೀರು ಮೆದು. ಸಾವಿರಾರು ವರ್ಷ ಮಳೆ ತೊಳೆದ ಜಂಬಿಟ್ಟಿಗೆ ನೆಲದಲ್ಲಿ ಸುಣ್ಣದ ಅಂಶ ಉಳಿದಿಲ್ಲ. ಈ ಮನೆಯ ಬಾವಿಯಲ್ಲಿ ಮೇ ಕೊನೆಗೆ ಕೆಎಚ್ 2ರ ಹತ್ತಿರ. ಮಳೆ ಹಿಡಿದು ಬಾವಿ ತುಂಬಿದ ಮೇಲೆ 1. ಇಷ್ಟು ಕಡಿಮೆ ಎಂದರೆ ಎಷ್ಟು ದಿನಕ್ಕೆ ಸಾಕು ಎಂಬುದಕ್ಕೆ ಲೆಕ್ಕವಿದೆ. ಫಿಲ್ಟರ್ ಬ್ಯಾಕ್ಟೀರಿಯಾ ಒಂದು ಗ್ರಾಂ ಅಮೋನಿಯಾ ನೈಟ್ರೋಜನ್ ಅನ್ನು ನೈಟ್ರೇಟ್ ಮಾಡುವಾಗ ಸುಮಾರು 7 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಕ್ಷಾರತೆ ಖರ್ಚಾಗುತ್ತದೆ. 200 ಲೀಟರ್‌ನಲ್ಲಿ ಕೆಎಚ್ ಒಂದು ಡಿಗ್ರಿ ಎಂದರೆ ಸುಮಾರು 3.6 ಗ್ರಾಂ. ದಿನಕ್ಕೆ 2 ಗ್ರಾಂ ಮೀನಿನ ಕಾಳು, ಅದರಲ್ಲಿ 40% ಪ್ರೋಟೀನ್ ಎಂದಿಟ್ಟುಕೊಂಡರೆ ವಾರಕ್ಕೆ ಅರ್ಧ ಗ್ರಾಂ ಚಿಲ್ಲರೆ ನೈಟ್ರೋಜನ್ ಅಮೋನಿಯಾ ಆಗಿ ಬರುತ್ತದೆ. ಅಂದರೆ ವಾರಕ್ಕೆ ಒಂದು ಡಿಗ್ರಿ ಕೆಎಚ್ ಖಾಲಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಮಳೆಗಾಲದ ಬಾವಿಯಿಂದ ವಾಪಸ್ಸು ಬರುವುದು ಹೆಚ್ಚೆಂದರೆ ಕಾಲು ಡಿಗ್ರಿ. ಜೀವಂತ ಗಿಡ ದಟ್ಟವಾಗಿದ್ದರೆ ಅವು ಅಮೋನಿಯಾವನ್ನು ನೇರ ಹೀರಿ ಈ ಖರ್ಚನ್ನು ತಗ್ಗಿಸುತ್ತವೆ. ಇಲ್ಲಿ ಇದ್ದಿದ್ದು ಪ್ಲಾಸ್ಟಿಕ್. ಸಾಲದ್ದಕ್ಕೆ ಜುಲೈ ಮೊದಲೆರಡು ವಾರ ಕರೆಂಟು ಸರಿಯಿಲ್ಲದೆ ಬಾವಿ ಪಂಪು ಓಡಲಿಲ್ಲ, ನೀರು ಬದಲಾವಣೆ ಬಿಟ್ಟೇಹೋಯಿತು.

ಕೆಎಚ್ ಸೊನ್ನೆ ಮುಟ್ಟಿದ ಮೇಲೆ ಪಿಎಚ್ ನಿಧಾನಕ್ಕೆ ಇಳಿಯುವುದಿಲ್ಲ, ಕುಸಿಯುತ್ತದೆ. 6ರ ಕೆಳಗೆ ಬ್ಯಾಕ್ಟೀರಿಯಾ ಬಹುತೇಕ ನಿಲ್ಲುತ್ತದೆ, ಅಮೋನಿಯಾ ಸೇರತೊಡಗುತ್ತದೆ. ವಿಚಿತ್ರವೆಂದರೆ ಆ ಹುಳಿ ನೀರಿನಲ್ಲಿ 4 ಪಿಪಿಎಂ ಅಮೋನಿಯಾ ಮೀನನ್ನು ತಕ್ಷಣ ಕೊಲ್ಲುವುದಿಲ್ಲ. ಅಮೋನಿಯಾ ಎರಡು ರೂಪದಲ್ಲಿರುತ್ತದೆ. ಅಮೋನಿಯಂ ರೂಪ ಕಿವಿರನ್ನು ಸುಲಭಕ್ಕೆ ದಾಟದು, ಬಿಡಿ ಅಮೋನಿಯಾ ದಾಟುತ್ತದೆ. 25 ಡಿಗ್ರಿ ನೀರಿನಲ್ಲಿ ಬಿಡಿ ರೂಪದ ಪಾಲು ಪಿಎಚ್ 6ಕ್ಕೆ 0.06%, 7ಕ್ಕೆ 0.6%, 8ಕ್ಕೆ 5%ಕ್ಕೂ ಮೇಲೆ. ಅಂಗಡಿಯವರು ಬಾಟಲಿ ನೀರಿಗೆ ಪಟ್ಟಿ ಅದ್ದಿ "ಪಿಎಚ್ ಬಿದ್ದಿದೆ, ಸೋಡಾ ಹಾಕಿ" ಎಂದರು. ರಾತ್ರಿ ಎರಡು ದೊಡ್ಡ ಚಮಚ, ಸುಮಾರು 30 ಗ್ರಾಂ ಸೋಡಾ ಬಿತ್ತು. ನೀರಿನಲ್ಲಿದ್ದ 4 ಪಿಪಿಎಂನಲ್ಲಿ ವಿಷದ ಪಾಲು 0.002 ಪಿಪಿಎಂನಿಂದ ಸುಮಾರು 0.14ಕ್ಕೆ ಏರಿತು. 0.05 ದಾಟಿದರೆ ಕಿವಿರು ಸುಡತೊಡಗುತ್ತದೆ. ಮೊದಲೇ ಸೊರಗಿದ್ದ ಕೋರಿಗಳು ಬೆಳಗು ಕಾಣಲಿಲ್ಲ.

ಹಾಗಾದರೆ ಆ ಬೆಳಗ್ಗೆ ಮಾಡಿದ್ದೇನು? ಸೋಡಾ ನಿಲ್ಲಿಸಿ, ಕಾಳು ನಿಲ್ಲಿಸಿ, ಅರ್ಧ ಟ್ಯಾಂಕು ನೀರು ಬದಲು. ಹೊಸ ನೀರು ಹಿಂದಿನ ದಿನ ಡ್ರಮ್ಮಿಗೆ ಎತ್ತಿ, ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಹಾಕಿಟ್ಟಿದ್ದು ಇತ್ತು. ಬಾವಿಯಿಂದ ನೇರ ಬಂದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಈ ಬಾವಿಯ ನೀರು ಎತ್ತಿದ ಕೂಡಲೇ ಪಿಎಚ್ 6.2, ಒಂದು ರಾತ್ರಿ ಗಾಳಿ ಆಡಿದ ಮೇಲೆ 6.9. ಮೆದು ನೀರು ಸುರಿದಾಗ ಅಮೋನಿಯಾ ಅರ್ಧಕ್ಕೆ ಇಳಿಯಿತು, ಜೊತೆಗೆ ಏರಿದ ಪಿಎಚ್ ಕೂಡ ತಗ್ಗಿತು. ಮರುದಿನ ಇನ್ನೊಮ್ಮೆ ಅರ್ಧ. ಆಗ ಅಮೋನಿಯಾ 1, ಪಿಎಚ್ 7.2: ಅಪಾಯದ ಗೆರೆಯ ಕೆಳಗೆ. ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಎಂದು ಕೊಡುವ ಹರಳು ಥಯೋಸಲ್ಫೇಟ್ ಮಾತ್ರ, ಅದು ಅಮೋನಿಯಾಕ್ಕೆ ಕೆಲಸ ಮಾಡದು. ಕಲ್ಲುಪ್ಪು ಹಾಕುವ ಆತುರವನ್ನೂ ತಡೆಯಲಾಯಿತು. ಕೋರಿ ಉಪ್ಪು ಸಹಿಸುವ ಮೀನಲ್ಲ. ನೀಲಿ ಔಷಧಿ, ಅಂದರೆ ಮೆಥಿಲೀನ್ ಬ್ಲೂ, ಉಳಿದಿದ್ದ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತಿತ್ತು. ಬೇರೊಂದು ಮನೆಯ ನಡೆಯುತ್ತಿರುವ ಟ್ಯಾಂಕಿನಿಂದ ತಂದ ಕೊಳಕು ಸ್ಪಂಜ್ ಒಂದು ಫಿಲ್ಟರಿಗೆ ಸೇರಿತು. ದಿನ ಬಿಟ್ಟು ದಿನ ಚಿಟಿಕೆ ಕಾಳು. ಮೂರನೇ ವಾರಕ್ಕೆ ಅಮೋನಿಯಾ ಸೊನ್ನೆ.

ಕೆಎಚ್ ನಿಲ್ಲಿಸುವ ಸಾಮಾನು ಹತ್ತಿರದಲ್ಲೇ ಸಿಕ್ಕಿತು. ಶಿರಸಿಯ ಶಂಕರಹೊಂಡದ ಕಡೆಯಿಂದ ಹೊರಡುವ ಅಘನಾಶಿನಿ ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುವ ಅಳಿವೆ ಬಳಚಿಗೆ (ಎರಡು ಚಿಪ್ಪಿನ ಮೃದ್ವಂಗಿ) ಹೆಸರಾದದ್ದು. ಬಳಚಿನ ಚಿಪ್ಪು ಅರ್ಧ ಕಿಲೋ ತಂದು, ಇಪ್ಪತ್ತು ನಿಮಿಷ ಕುದಿಸಿ, ಅಂಟಿದ ಮಾಂಸ ಉಜ್ಜಿ ತೆಗೆದು, ಬಿಸಿಲಿಲ್ಲದ ದಿನವಾದ್ದರಿಂದ ಅಟ್ಟದ ಮೇಲೆ ಒಣಗಿಸಿ, ಸುತ್ತಿಗೆಯಲ್ಲಿ ಒಂದು ಸೆಂ.ಮೀ. ಚೂರು ಮಾಡಿ, ಬಲೆ ಚೀಲದಲ್ಲಿ ಟಾಪ್ ಫಿಲ್ಟರಿನ ನೀರು ಬೀಳುವ ಜಾಗಕ್ಕೆ ಇಡಲಾಯಿತು. ತಳದಲ್ಲಿ ಹರಡಬಾರದು, ಅಂಚು ಚೂಪು. ಚಿಪ್ಪಿನ ಅನುಕೂಲವೆಂದರೆ ನೀರು ಹುಳಿಯಾದಷ್ಟು ಹೆಚ್ಚು ಕರಗುತ್ತದೆ, ಪಿಎಚ್ 7.5ರ ಹತ್ತಿರ ಬಂದಾಗ ತಾನೇ ನಿಧಾನಿಸುತ್ತದೆ. ಸೋಡಾಕ್ಕೆ ಆ ವಿವೇಕ ಇಲ್ಲ. ತುರ್ತಿಗೆ ಸೋಡಾ ಬೇಕೇ ಆದರೆ 100 ಲೀಟರಿಗೆ 3 ಗ್ರಾಂ ಹಾಕಿದಾಗ ಒಂದು ಡಿಗ್ರಿ ಏರುತ್ತದೆ. ದಿನಕ್ಕೆ ಒಂದು ಡಿಗ್ರಿಗಿಂತ ಹೆಚ್ಚು ಬೇಡ, ಅಮೋನಿಯಾ ಸೊನ್ನೆ ಎಂದು ಪರೀಕ್ಷೆಯಲ್ಲಿ ಕಾಣುವವರೆಗೆ ಅದೂ ಬೇಡ.

ಕಾರವಾರದ ಕಡಲಂಚಿನ ಬಾವಿಯವರಿಗೆ ಈ ಕಥೆ ಉಲ್ಟಾ. ಚಿಪ್ಪಿನ ಚೂರು ಬೆರೆತ ಮರಳಿನಲ್ಲಿ ತೋಡಿದ ಬಾವಿಯ ನೀರು ಗಡಸು, ಏಪ್ರಿಲ್–ಮೇನಲ್ಲಿ ಉಪ್ಪೂ ಹತ್ತಬಹುದು. ಅಲ್ಲಿ ಚಿಪ್ಪು ಹಾಕುವುದು ಅನಗತ್ಯ, ಉಪ್ಪು ನೋಡಿಕೊಳ್ಳುವುದು ಮುಖ್ಯ.

ಇನ್ನು ಹೊಡೆತದ ವಿಷಯ. ಅದು ಸುಳ್ಳಲ್ಲ. ಜೂನ್ ಕೊನೆಗೆ ನಾಲ್ಕು ಅಕಾರಾಗಳಲ್ಲಿ ಎರಡು ಜೋಡಿಯಾಗಿ ನಡುಮಧ್ಯದ ಹೆಂಚಿನ ಮೇಲೆ ಮೊಟ್ಟೆಯಿಟ್ಟಿದ್ದವು. ಶಾಂತ ಸಿಕ್ಲಿಡ್ ಎಂದರೆ ಮೊಟ್ಟೆಯಿಲ್ಲದಾಗ ಶಾಂತ ಎಂದು ಓದಿಕೊಳ್ಳಬೇಕು. ಬೇರೆ ಸಿಕ್ಲಿಡ್ ಆದರೆ ಬೆದರಿಕೆ ಅರ್ಥವಾಗಿ ದೂರ ಸರಿಯುತ್ತದೆ. ಕೋರಿಗೆ ಆ ಭಾಷೆಯೇ ಗೊತ್ತಿಲ್ಲ. ಕವಚ ನಂಬಿ ಮತ್ತೆ ಮೂತಿ ತೂರಿಸುತ್ತದೆ, ಮತ್ತೆ ಏಟು ತಿನ್ನುತ್ತದೆ, ಕತ್ತಲಾದ ಮೇಲೆ ಮೊಟ್ಟೆಯನ್ನೂ ತಿಂದು ಮುಗಿಸುತ್ತದೆ. ಹೆಂಚು ನಡುವೆ ಇದ್ದದ್ದರಿಂದ ಜೋಡಿಯ ಗಡಿ ಎರಡೂ ಕಡೆ ಹರಡಿ ನಾಲ್ಕಡಿಯ ನೆಲದಲ್ಲಿ ಕೋರಿಗೆ ಉಳಿದದ್ದು ಎರಡು ಮೂಲೆ ಮಾತ್ರ.

ಇದಕ್ಕೆ ಮಾಡಿದ ವ್ಯವಸ್ಥೆ ಸರಳ. ಹೆಂಚು ಎಡ ಹಿಂಮೂಲೆಗೆ, ಅದರ ಮುಂದೆ ಕೊರಡು ಅಡ್ಡ, ಬಲಗಡೆ ಎರಡಡಿಯಷ್ಟು ಬಯಲು ಮರಳು. ಕೊರಡಿನ ಎತ್ತರ ಮುಖ್ಯವಲ್ಲ, ತಳಮಟ್ಟದಲ್ಲಿ ಕಣ್ಣು ತಪ್ಪಿಸಿದರೆ ಸಾಕು. ಜೋಡಿಯಾಗದ ಎರಡು ಅಕಾರಾ ಬೇರೆ ಮನೆಗೆ ಹೋದವು. ನಾಲ್ಕಡಿಗೆ ಒಂದು ಜೋಡಿ ಸಾಕು. ಕೋರಿ ಮೂರೇ ಉಳಿದಿದ್ದವು. ಮೂರು ಕೋರಿ ಅವಿತು ಕೂರುತ್ತವೆ, ಎಂಟು ಇದ್ದರೆ ಹಗಲಲ್ಲೂ ಹೊರಬಂದು ಅಡ್ಡಾಡುತ್ತವೆ, ಏಟೂ ಹಂಚಿಹೋಗುತ್ತದೆ. ಹೊಸ ಐದನ್ನು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿ ಸೇರಿಸಲಾಯಿತು. ಹಿಡಿಯಲು ಬಲೆ ಬಳಸಲಿಲ್ಲ, ಮುಳ್ಳು ಬಲೆಯಲ್ಲಿ ಸಿಕ್ಕರೆ ಬಿಡಿಸುವಷ್ಟರಲ್ಲಿ ರೆಕ್ಕೆ ಹರಿಯುತ್ತದೆ. ಪ್ಲಾಸ್ಟಿಕ್ ಡಬ್ಬಿ ಒಳ್ಳೆಯದು.

ಮರಳಿನ ಆಳ ಮೂರು ಸೆಂ.ಮೀ.ಗಿಂತ ಹೆಚ್ಚು ಬೇಡ, ಕಣ ಒಂದು ಮಿ.ಮೀ. ಒಳಗೆ. ಎಂ ಸ್ಯಾಂಡ್ ಬೇಡ, ಅದು ಕಲ್ಲು ಒಡೆದ ಪುಡಿ. ಅಂಚೂ ಚೂಪು, ಧೂಳೂ ಜಾಸ್ತಿ.

ಊಟದಲ್ಲೂ ದೋಷವಿತ್ತು. ಮೊದಲು ಹಾಕುತ್ತಿದ್ದದ್ದು ತೇಲುವ ಕಾಳು ಮಾತ್ರ, ಅಕಾರಾ ಒಂದೂ ಬಿಡುತ್ತಿರಲಿಲ್ಲ. ಕೋರಿ ತಳದ ಕಸ ತಿಂದು ಬದುಕುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಅದು ಕಸ ಗುಡಿಸುವ ಮೀನಲ್ಲ, ಹುಳು ಹುಪ್ಪಟೆ ಹುಡುಕಿ ತಿನ್ನುವ ಮೀನು. ಈಗ ಸಂಜೆ ಎಡಗಡೆ ಅಕಾರಾಕ್ಕೆ ತೇಲುವ ಕಾಳು, ದೀಪ ಆರಿಸಿ ಇಪ್ಪತ್ತು ನಿಮಿಷದ ಮೇಲೆ ಬಲಗಡೆ ಮುಳುಗುವ ವೇಫರ್ ಎರಡು. ಬೆಳಗ್ಗೆ ಉಳಿದಿದ್ದರೆ ಮರುದಿನ ಒಂದೇ. ಕೋರಿಯನ್ನು ಗಾಜಿನ ಕಡೆಯಿಂದ ನೋಡಿದಾಗ ಹೊಟ್ಟೆ ಒಳಸರಿದಿದ್ದರೆ ಅನ್ನ ತಲುಪುತ್ತಿಲ್ಲ.

ಸಕ್ಕರ್ ವಿಷಯ ಬೇಗ ಮುಗಿಯಿತು. ಪಾಚಿ ತಿನ್ನಲೆಂದು ಕೊಡುವ ಆ ಮರಿ ಒಂದಡಿ ದಾಟಿ ಬೆಳೆಯುತ್ತದೆ, ದೊಡ್ಡದಾದಂತೆ ಗಂಡಾಂತರದಷ್ಟು ಹೊಲಸು ಮಾಡುತ್ತದೆ. ಅದನ್ನು ದೊಡ್ಡ ಸಿಮೆಂಟ್ ತೊಟ್ಟಿ ಇರುವವರಿಗೆ ಕೊಟ್ಟು, ಬದಲಿಗೆ ಅಂಗೈ ಮೀರದ ಬ್ರಿಸಲ್‌ನೋಸ್ ಒಂದು ಬಂತು. ಕೆರೆಗೋ ಹೊಳೆಗೋ ಬಿಡುವ ಯೋಚನೆ ಯಾರೂ ಮಾಡಬಾರದು. ಕೇರಳ, ತಮಿಳುನಾಡಿನ ನೀರಿನಲ್ಲಿ ಸಕ್ಕರ್ ಬೇರೂರಿ ಊರ ಮೀನಿಗೆ ಕುತ್ತಾಗಿದೆ.

ಸೆಪ್ಟೆಂಬರ್ ಕೊನೆಯ ಪರೀಕ್ಷೆಯಲ್ಲಿ ಕೆಎಚ್ 3.5, ಪಿಎಚ್ 7.2. ಬುಡ ಉಳಿದಿದ್ದ ಕೋರಿಗಳ ಮೀಸೆ ಎರಡು ತಿಂಗಳಲ್ಲಿ ಮರಳಿ ಬೆಳೆದಿದೆ; ಬುಡವೇ ಹೋದ ಒಂದರದು ಬೆಳೆದಿಲ್ಲ, ಬೆಳೆಯುವುದೂ ಇಲ್ಲ, ಆದರೂ ತಿನ್ನುತ್ತಿದೆ. ಜೋಡಿ ಮತ್ತೆ ಮೊಟ್ಟೆಯಿಟ್ಟಿತ್ತು, ಕೋರಿಗಳು ಎರಡನೇ ರಾತ್ರಿಯೇ ತಿಂದವು. ಮರಿ ಬೇಕಿದ್ದರೆ ಮೊಟ್ಟೆಯಿರುವ ಹೆಂಚನ್ನೇ ಎತ್ತಿ, ಅದೇ ಟ್ಯಾಂಕಿನ ನೀರು ತುಂಬಿದ ತೊಟ್ಟಿಯಲ್ಲಿ ಏರ್ ಸ್ಟೋನ್ ಹಚ್ಚಿ ಇಡಬೇಕು. ಬೇಡವಾದರೆ ಕೋರಿಗಳಿಗೇ ಬಿಡಬಹುದು. ಮನೆಯವರು ಸದ್ಯ ಎರಡನೆಯದನ್ನೇ ಆರಿಸಿಕೊಂಡಿದ್ದಾರೆ. ಚಿಪ್ಪಿನ ಚೀಲವನ್ನು ತಿಂಗಳಿಗೊಮ್ಮೆ ಟ್ಯಾಂಕಿನ ನೀರಲ್ಲೇ ಅಲ್ಲಾಡಿಸಿ ತೊಳೆಯಬೇಕು, ಲೋಳೆ ಕಟ್ಟಿದರೆ ಕರಗುವುದು ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಎಚ್ ಪರೀಕ್ಷೆ ವಾರಕ್ಕೊಮ್ಮೆ, ಉಳಿದ ಕಾಲದಲ್ಲಿ ತಿಂಗಳಿಗೊಮ್ಮೆ ಸಾಕು. 2ಕ್ಕೆ ಇಳಿದ ದಿನ ಹಳೇ ಚೀಲದ ಪಕ್ಕ ಇನ್ನೊಂದು ಕಾಲು ಕಿಲೋ ಚಿಪ್ಪು ಸೇರಿಸಬೇಕು.